ಸಂತೆಯ ದಿನದ ಮಾತ್ರೆ, ಉಪ್ಪಿಲ್ಲದ ರೊಟ್ಟಿ

ಮೈಯೊಸೈಟಿಸ್ ಬಂದವರಿಗೆ ಸಾಮಾನ್ಯವಾಗಿ ಮೊದಲು ಸೋಲುವುದು ಬೆರಳುಗಳಲ್ಲ. ಭುಜ, ಸೊಂಟ, ತೊಡೆ. ರೊಟ್ಟಿ ಬಡಿಯುವ ಬೆರಳು ಎಂದಿನಂತೆ ಆಡುತ್ತಿರುತ್ತದೆ. ಬಡಿದ ರೊಟ್ಟಿಯ ಬುಟ್ಟಿಯನ್ನು ಮಾಡಿನ ಮೇಲೆ ಎತ್ತಿಡಲು ಹೋದರೆ ತೋಳು ಏಳುವುದಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತವರು ಏಳಬೇಕಾದರೆ ಗೋಡೆ ಹಿಡಿಯಬೇಕು. ತಲೆ ಬಾಚುವ ಕೈ ಅರ್ಧಕ್ಕೇ ಕೆಳಗಿಳಿಯುತ್ತದೆ, ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಯಾರಾದರೂ ಕೈ ಕೊಡಬೇಕಾಗುತ್ತದೆ. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಮನೆಯವರು ಇದನ್ನು ರಕ್ತ ಕಡಿಮೆ ಎಂದೋ ವಾಯು ಎಂದೋ ವಯಸ್ಸು ಎಂದೋ ತಿಂಗಳುಗಟ್ಟಲೆ ದೂಡುತ್ತಾರೆ.

ಪರಕೀಯ ರೋಗಾಣುಗಳ ಮೇಲೆ ಎರಗಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಸ್ನಾಯುವಿನ ಮೇಲೆ ತಿರುಗಿಬೀಳುವುದು ಈ ಕಾಯಿಲೆಯ ಮೂಲ. ಲಕ್ಷಕ್ಕೆ ಕೆಲವರಲ್ಲಿ ಮಾತ್ರ ಕಾಣುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಚರ್ಮವೂ ಸೇರಿಕೊಂಡರೆ ಅದು ಡರ್ಮಟೊಮೈಯೊಸೈಟಿಸ್. ಜರ್ಮನಿಯ ವೈದ್ಯ ಉನ್ವೆರಿಖ್ಟ್ 1891ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಕಣ್ಣೆವೆಯ ಮೇಲೆ ನೇರಳೆ ಛಾಯೆ, ಬೆರಳ ಗಿಣ್ಣುಗಳ ಮೇಲೆ ಕೆಂಪಗಿನ ದಡ್ಡು ಇದರ ಗುರುತು. ನಮ್ಮ ಮೈಬಣ್ಣದಲ್ಲಿ ಆ ನೇರಳೆ ಬರೀ ಕಪ್ಪಾಗಿ ಕಾಣುವುದರಿಂದ ಕಣ್ತಪ್ಪುವುದೂ ಉಂಟು. ರಕ್ತದಲ್ಲಿ ಸಿಪಿಕೆ ಎಂಬ ಕಿಣ್ವವನ್ನು ಅಳೆದರೆ, ಇನ್ನೂರರ ಆಸುಪಾಸಿನಲ್ಲಿ ಇರಬೇಕಾದದ್ದು ಸಾವಿರಗಳ ಲೆಕ್ಕಕ್ಕೆ ಹೋಗಿರುತ್ತದೆ. ಆಮೇಲೆ ಪ್ರತಿಕಾಯಗಳ ಪರೀಕ್ಷೆ, ಸ್ನಾಯುವಿನ ವಿದ್ಯುತ್ ಪರೀಕ್ಷೆ, ಬೇಕಾದರೆ ಎಂಆರ್‌ಐ, ಸ್ನಾಯುವಿನ ಚೂರು ತೆಗೆದು ನೋಡುವುದು. ಶ್ವಾಸಕೋಶಕ್ಕೆ ತಾಗಿದೆಯೇ, ವಯಸ್ಕರಾದರೆ ಒಳಗೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದೂ ಹುಡುಕಬೇಕು.

ಇದಕ್ಕೆ ಮದ್ದು ಇದೆ ಎಂಬುದೇ ಇಪ್ಪತ್ತನೆಯ ಶತಮಾನದ ದೊಡ್ಡ ವರ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ಏಳಲಾಗದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. 1955ರ ಹೊತ್ತಿಗೆ ಅದೇ ಸ್ಟೀರಾಯ್ಡ್ ಜಾತಿಯ ಪ್ರೆಡ್ನಿಸೊಲೋನ್ ಬಳಕೆಗೆ ಬಂತು. ಇವತ್ತಿಗೂ ಮೈಯೊಸೈಟಿಸ್ ಚಿಕಿತ್ಸೆ ಶುರುವಾಗುವುದು ಅದರಿಂದಲೇ: ತೂಕದ ಕಿಲೋ ಒಂದಕ್ಕೆ ಸುಮಾರು ಒಂದು ಮಿಲಿಗ್ರಾಂ, ಆಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುವುದು. ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ಅಥವಾ ಮೈಕೋಫಿನೊಲೇಟ್. ಬಗ್ಗದ ರೋಗಕ್ಕೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್, ರಿಟುಕ್ಸಿಮ್ಯಾಬ್. ಇನ್‌ಕ್ಲೂಷನ್ ಬಾಡಿ ಎಂಬ ಬಗೆಯೊಂದು ಮಾತ್ರ ಸ್ಟೀರಾಯ್ಡಿಗೆ ಜಗ್ಗುವುದಿಲ್ಲ. ಮೊದಲು ಈ ರೋಗಿಗಳಿಗೆ ಮಲಗಿರಿ ಎನ್ನುತ್ತಿದ್ದರು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಹದವರಿತ ವ್ಯಾಯಾಮದಿಂದ ಕೇಡಿಲ್ಲ, ಲಾಭವೇ ಎಂದು ತೋರಿಸಿದ ಮೇಲೆ ಆ ಮಾತೂ ಬದಲಾಯಿತು.

ಇಷ್ಟೂ ಕೆಲಸ ನಡೆಯುವುದು ಊರಿಂದ ದೂರದಲ್ಲಿ. ನಮ್ಮ ವಿಜಯಪುರ ಜಿಲ್ಲೆಯ ತಾಳಿಕೋಟೆ ಕಡೆಯ ರೋಗಿ ಜಿಲ್ಲಾ ಕೇಂದ್ರಕ್ಕೋ ಕಲಬುರಗಿಗೋ ಹೋಗುತ್ತಾರೆ, ಅಲ್ಲಿಂದ ಹುಬ್ಬಳ್ಳಿಗೆ, ಕೆಲವೊಮ್ಮೆ ಬೆಂಗಳೂರಿನ ನಿಮ್ಹಾನ್ಸಿಗೆ. ರೋಗ ಹಿಡಿದು ಹೆಸರಿಟ್ಟು, ಚೀಟಿ ಬರೆದು ಕಳಿಸುವುದು ಅಲ್ಲಿಯ ತಜ್ಞರು. ಅವರನ್ನು ಮತ್ತೆ ನೋಡುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ನಡುವಿನ ದಿನಗಳಲ್ಲಿ ಮಾತ್ರೆ ತೀರಿದಾಗ, ಮುಖ ಊದಿದಾಗ, ಹೊಟ್ಟೆ ಉರಿದಾಗ, ರಾತ್ರಿ ನಿದ್ದೆ ಹತ್ತದಾಗ ಮೊದಲು ಹೋಗುವುದು ಬಜಾರಿನ ಔಷಧಿ ಅಂಗಡಿಗೆ. ಈ ಕಾಯಿಲೆಯ ಚಿಕಿತ್ಸೆಯ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ ಎಂದೇ ನನ್ನ ನಂಬಿಕೆ. ಆಸ್ಪತ್ರೆಯ ಚೀಟಿಯನ್ನು ಅಡುಗೆಮನೆಗೆ ಮುಟ್ಟಿಸಬಲ್ಲ ವಿದ್ಯೆ ಇರುವುದು ಒಳ್ಳೆಯ ಫಾರ್ಮಸಿಸ್ಟನ ಕೈಯಲ್ಲಿ. ಅದನ್ನು ನಾವು ವಿದ್ಯೆಯೆಂದು ಗುರುತಿಸಿದ್ದು ಕಡಿಮೆ.

ಆ ವಿದ್ಯೆ ಪ್ರಶ್ನೆಯಿಂದ ಶುರುವಾಗುತ್ತದೆ. ಅಮೆರಿಕದ ಮೂಲನಿವಾಸಿಗಳ ಆರೋಗ್ಯ ಸೇವೆಯಲ್ಲಿದ್ದ ಫಾರ್ಮಸಿಸ್ಟರು ಮೂರು ಪ್ರಶ್ನೆಗಳನ್ನು ರೂಢಿಗೆ ತಂದರು, ಈಗ ಜಗತ್ತಿನ ಎಷ್ಟೋ ಕಡೆ ಅವೇ ಪಾಠ. ನಮ್ಮ ಸೀಮೆಯ ಮಾತಿನಲ್ಲಿ ಅವು ಹೀಗಿರುತ್ತವೆ: "ಈ ಗುಳಗಿ ಯಾತಕ್ಕಂತ ಡಾಕ್ಟರ್ ಹೇಳ್ಯಾರ್ರೀ?" "ಹೆಂಗ ತೊಗೋಬೇಕಂದಾರ?" "ತೊಗೊಂಡರ ಏನೇನು ಆಗ್ತದಂದಾರ?" ಹೌದು, ಇಲ್ಲ ಎಂದು ತಲೆಯಾಡಿಸಿ ತಪ್ಪಿಸಿಕೊಳ್ಳಲು ಇವುಗಳಲ್ಲಿ ಜಾಗವಿಲ್ಲ. ರೋಗಿ ಬಾಯಿಬಿಟ್ಟು ಹೇಳಲೇಬೇಕು, ಹೇಳುವಾಗ ಎಲ್ಲಿ ತಪ್ಪು ತಿಳಿದಿದ್ದಾರೆ ಎಂಬುದು ಹೊರಬೀಳುತ್ತದೆ. ಅಷ್ಟನ್ನು ಮಾತ್ರ ತಿದ್ದಿ, ಕೊನೆಗೆ "ಈಗ ನೀವು ಮನ್ಯಾಗ ಹೆಂಗ ಹೇಳ್ತೀರಿ, ನನಗೊಮ್ಮೆ ಹೇಳ್ರಿ" ಎಂದು ಅವರಿಂದಲೇ ಹೇಳಿಸುತ್ತಾರೆ.

ಆಹಾರದ ಮಾತಿನಲ್ಲಿ ಮೊದಲು ಬರುವುದು ಉಪ್ಪು. ಪ್ರೆಡ್ನಿಸೊಲೋನ್ ಮೈಯಲ್ಲಿ ಸೋಡಿಯಂ ಮತ್ತು ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ. ಹಾಗಾಗಿ ಕಾಲು ಊದುತ್ತದೆ, ಬಿಪಿ ಏರುತ್ತದೆ; ಪೊಟ್ಯಾಸಿಯಂ ಇಳಿದರೆ ಮೊದಲೇ ಸೋತ ಸ್ನಾಯು ಇನ್ನಷ್ಟು ಸೋಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚೆಗಿಂತ ಕಡಿಮೆ. "ಉಪ್ಪು ಕಡಿಮೆ ಮಾಡ್ರಿ" ಎಂದಷ್ಟೇ ಹೇಳಿ ಕಳಿಸಿದರೆ ಆ ಮಾತು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಮರೆತುಹೋಗುತ್ತದೆ. ಊಟ ಬಲ್ಲ ಫಾರ್ಮಸಿಸ್ಟ್ ತಟ್ಟೆಯನ್ನೇ ಬಿಡಿಸಿ ನೋಡುತ್ತಾರೆ. ನಮ್ಮ ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ, ಹಿಟ್ಟು ಮತ್ತು ಬಿಸಿನೀರು ಅಷ್ಟೇ. ಡೋಣಿ ನದಿ ಚೆನ್ನಾಗಿ ಹರಿದ ವರ್ಷ ಓಣಿ ತುಂಬ ಜೋಳ ಎಂಬ ಮಾತಿರುವ ಈ ಸೀಮೆಯ ಮುಖ್ಯ ಆಹಾರವೇ ಉಪ್ಪಿಲ್ಲದ್ದು ಎನ್ನುವುದು ಎಂಥ ಅನುಕೂಲ! ಉಪ್ಪು ಬರುವುದು ರೊಟ್ಟಿಯ ಮಗ್ಗುಲಿಗೆ: ಉಪ್ಪಿನಕಾಯಿ, ಕರಿಂಡಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಶೇಂಗಾ ಹಿಂಡಿ. ಸಂಜೆಯ ಚುರುಮುರಿ, ಅದರ ಜೊತೆಗೆ ಸೋಡಾ ಹಾಕಿದ ಮಿರ್ಚಿ ಭಜಿ, ಸೋಡಾದಲ್ಲಿರುವುದೂ ಸೋಡಿಯಮ್ಮೇ. ಇವುಗಳಲ್ಲಿ ಯಾವುದು ದಿನಾ, ಯಾವುದು ಹಬ್ಬಕ್ಕೆ ಎಂದು ಕೇಳಿ, ದಿನದ್ದನ್ನು ಮಾತ್ರ ಹಿಡಿಯುತ್ತಾರೆ. ಹಿಂಡಿ ಬಿಡಬೇಡಿ, ಉಪ್ಪಿಲ್ಲದೆ ಬೇರೆ ಕುಟ್ಟಿಸಿಕೊಳ್ಳಿ, ಮೇಲೆ ಲಿಂಬೆ ಹಿಂಡಿಕೊಳ್ಳಿ ಎನ್ನುತ್ತಾರೆ. ಭೌಗೋಳಿಕ ಗುರುತು ಪಡೆದ ಇಂಡಿಯ ಲಿಂಬೆ ಹಿತ್ತಲಲ್ಲೇ ಇರುವ ಜಿಲ್ಲೆ ಇದು. ಹುಳಿ ಏರಿದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಕುಡಿಯುವ ನೀರು ಯಾವುದೆಂದೂ ಕೇಳಬೇಕು. ಡೋಣಿಯ ದಂಡೆಯಲ್ಲಿ ಸವುಳು ನೀರು ಹೊಸದಲ್ಲ.

ಬಾಳೆಹಣ್ಣು, ಎಳನೀರು, ಕಾಳುಗಳಿಂದ ಪೊಟ್ಯಾಸಿಯಂ ಸಿಗುತ್ತದೆ. ಆದರೆ ಬಿಪಿಗೆ ಕೆಲವು ಬಗೆಯ ಮಾತ್ರೆ ತಿನ್ನುವವರು, ಮೂತ್ರಪಿಂಡ ಸೋತವರು ಇದ್ದರೆ ಅದೇ ಹೆಚ್ಚಾಗಿ ಹೃದಯಕ್ಕೆ ಕುತ್ತು. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನ ಪೊಟ್ಟಣದಲ್ಲೂ ಸೋಡಿಯಂ ಬದಲಿಗೆ ಇರುವುದು ಪೊಟ್ಯಾಸಿಯಮ್ಮೇ. ಹಳೆಯ ಚೀಟಿಗಳನ್ನೂ ತೋರಿಸಿ ಎಂದು ಕೇಳುವುದು ಇಂಥದ್ದಕ್ಕಾಗಿ.

ಸಕ್ಕರೆಯ ವಿಷಯದಲ್ಲಿ ಅನುಭವಸ್ಥರಿಗೆ ಮಾತ್ರ ಹೊಳೆಯುವ ಸೂಕ್ಷ್ಮವೊಂದಿದೆ. ಬೆಳಗಿನ ತಿಂಡಿಯ ಮೇಲೆ ನುಂಗಿದ ಪ್ರೆಡ್ನಿಸೊಲೋನ್ ರಕ್ತದ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ, ರೋಗಿ ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ. ಬಲ್ಲವರು ಮಧ್ಯಾಹ್ನದ ಊಟವಾಗಿ ಎರಡು ತಾಸಿಗೆ ಬನ್ನಿ, ನೋಡೋಣ ಎನ್ನುತ್ತಾರೆ. ಈ ಮಾತ್ರೆ ಹಸಿವನ್ನೂ ವಿಪರೀತ ಕೆರಳಿಸುತ್ತದೆ. ಗುಣವಾಗುತ್ತಿದ್ದಾರೆ, ಹಸಿವೆ ಹೆಚ್ಚಿದೆ ಎಂದು ಮನೆಯವರು ಸಂತೋಷಪಟ್ಟು ಶೇಂಗಾ ಹೋಳಿಗೆ ಮಾಡಿ ಬಡಿಸುತ್ತಾರೆ. ಆ ಹಸಿವು ಗುಳಿಗೆಯದು ಎಂದು ಮೊದಲ ದಿನವೇ ಹೇಳಿಬಿಟ್ಟರೆ ಅವರೇ ಎಚ್ಚರವಾಗುತ್ತಾರೆ. ಒಣದ್ರಾಕ್ಷಿ ಇಲ್ಲಿ ಅಗ್ಗವೆಂದು ಮುಷ್ಟಿಗಟ್ಟಲೆ ತಿನ್ನುವವರಿಗೂ ಒಂದು ಮಾತು ಹೇಳಬೇಕು. ಸೌತೆಕಾಯಿ, ಉಪ್ಪು ಹಾಕದ ಮಜ್ಜಿಗೆ ಹೊಟ್ಟೆ ತುಂಬಿಸುತ್ತವೆ, ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ.

ಸವೆದ ಸ್ನಾಯುವಿಗೆ ಪ್ರೋಟೀನ್ ಬೇಕು. ಇದನ್ನು ಕೇಳಿದ್ದೇ ತಡ, ಗಿರಾಕಿಯ ಕಣ್ಣು ಕಪಾಟಿನ ದೊಡ್ಡ ಡಬ್ಬಿಗಳ ಕಡೆ ಹೋಗುತ್ತದೆ. ಅಂಗಡಿಯವರ ನಿಯತ್ತು ಗೊತ್ತಾಗುವುದು ಆ ಗಳಿಗೆಯಲ್ಲಿ. ಡಬ್ಬಿ ಮಾರಿದರೆ ಲಾಭ ಹೆಚ್ಚು. ಒಳ್ಳೆಯ ಫಾರ್ಮಸಿಸ್ಟ್ ಡಬ್ಬಿಯನ್ನು ಅಲ್ಲೇ ಬಿಟ್ಟು ಲೆಕ್ಕ ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 50 ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ ಪ್ರೋಟೀನ್. ಸ್ನಾಯು ಸವೆದಿದ್ದರೆ, ಮೂತ್ರಪಿಂಡ ಚೆನ್ನಾಗಿದ್ದರೆ, ವೈದ್ಯರು ಇದನ್ನು ಇನ್ನಷ್ಟು ಏರಿಸಬಹುದು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಇದೆ. ಆದರೆ ಜೋಳದಲ್ಲಿ ಲೈಸಿನ್ ಎಂಬ ಅಂಶ ಕೊರತೆ; ಅದನ್ನು ತುಂಬಿಕೊಡುವುದು ತೊಗರಿಬೇಳೆ, ಕಡಲೆ, ಮಡಕಿಕಾಳು. ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಂಡು ತಿನ್ನುವ ನಮ್ಮ ಹಿರಿಯರ ರೂಢಿ ಪೋಷಣಾಶಾಸ್ತ್ರದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಹತ್ತಿರ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಬಟ್ಟಲು ದಪ್ಪ ಕಾಳುಪಲ್ಯ, ಬಟ್ಟಲು ಮೊಸರು, ಹಿಡಿ ಶೇಂಗಾ, ತಿನ್ನುವವರಾದರೆ ಮೊಟ್ಟೆ ಎಂದು ಬೆರಳು ಮಡಚಿ ಹೇಳಿದರೆ ಸಾಕು, ಡಬ್ಬಿಯ ರೊಕ್ಕ ಉಳಿಯಿತು.

ಮೂಳೆಯ ಮಾತು ಇಷ್ಟು ಸಲೀಸಲ್ಲ. ಸ್ಟೀರಾಯ್ಡ್ ಮೂಳೆಯನ್ನು ತೆಳುವಾಗಿಸುತ್ತದೆ, ಅದೂ ಮೊದಲ ತಿಂಗಳುಗಳಲ್ಲೇ ಹೆಚ್ಚು. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ 300ರ ಆಸುಪಾಸು. ಸಿಪ್ಪೆಸಹಿತ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರಕ್ಕೂ ಮೇಲೆ. ಭೋಗಿ ಹಬ್ಬಕ್ಕೆ ಎಳ್ಳು ಹಚ್ಚಿ ಸಜ್ಜೆರೊಟ್ಟಿ ಬಡಿಯುತ್ತೇವಲ್ಲ, ಅದನ್ನು ಹಬ್ಬಕ್ಕೇ ಬಿಡದೆ ವಾರದಲ್ಲಿ ಕೆಲವು ದಿನ ಮಾಡಿಕೊಳ್ಳಿ ಎನ್ನಬಹುದು. ವಿಟಮಿನ್ ಡಿಗೆ ಎಲ್ಲರೂ ಹೇಳುವ ಮಾತು "ಬಿಸಿಲಿಗೆ ಕೂಡ್ರಿ" ಎಂದು. ಡರ್ಮಟೊಮೈಯೊಸೈಟಿಸ್ ಇದ್ದವರಿಗೆ ಆ ಮಾತು ತಪ್ಪು. ಬಿಸಿಲು ಬಿದ್ದರೆ ಅವರ ಚರ್ಮ ಕೆರಳುತ್ತದೆ, ರೋಗವೂ ಕೆರಳಬಹುದು. ವಿಜಯಪುರದ ಬಿಸಿಲಂತೂ ಹೇಳುವುದೇ ಬೇಡ. ಅವರು ಸೆರಗು ಹೊದ್ದು, ತುಂಬುತೋಳಿನ ಕುಪ್ಪಸ ತೊಟ್ಟು ಹೊರಬರಬೇಕು, ವಿಟಮಿನ್ ಡಿ ವೈದ್ಯರು ಬರೆದ ಔಷಧಿಯಿಂದಲೇ ಬರಬೇಕು. ಆ ಔಷಧಿಯಲ್ಲೂ ಒಂದು ಗುಂಡಿ ಇದೆ: 60,000 ಯೂನಿಟ್ಟಿನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದರಂತೆ ತಿಂಗಳುಗಟ್ಟಲೆ ಕುಡಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ಮೂಳೆಗೆಂದು ಅಲೆಂಡ್ರೊನೇಟ್ ಬರೆದಿದ್ದರೆ ಬರಿಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ನುಂಗಿ ಅರ್ಧ ತಾಸು ಮಲಗದೆ ನೆಟ್ಟಗೆ ಕೂರಬೇಕು. ಚಹಾ, ಹಾಲು ಆಮೇಲೆ. ರೋಗಿಗೆ ನುಂಗುವುದೇ ಕಷ್ಟವಿದ್ದರೆ ಆ ಮಾತ್ರೆ ಗಂಟಲ ಕೆಳಗೆ ಅಂಟಿ ಹುಣ್ಣು ಮಾಡಬಹುದು. ಆಗ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡುವುದೇ ಸರಿ.

ನುಂಗುವ ಕಷ್ಟವನ್ನು ರೋಗಿಗಳು ತಾವಾಗಿ ಹೇಳುವುದಿಲ್ಲ. ಕೇಳಬೇಕು. "ನೀರು ಕುಡಿದರ ಮೂಗಿನ್ಯಾಗ ಬರ್ತದೇನ್ರೀ? ಊಟಕ್ಕ ಕುಂತಾಗ ಕೆಮ್ಮ ಬರ್ತದೇನ್ರೀ?" ಗಂಟಲಿನ ಸ್ನಾಯುವೂ ಸೋತಿದ್ದರೆ ಹೀಗಾಗುತ್ತದೆ, ಅನ್ನದಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಬಂತು ಎಂದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿಯವರೆಗೆ ನಮ್ಮ ಹೆಮ್ಮೆಯ ಖಡಕ್ ರೊಟ್ಟಿ ಅವರ ತಟ್ಟೆಗೆ ಬರಬಾರದು. ಹಾಲಿನಲ್ಲಿ ನೆನೆದ ಮೆತ್ತನೆಯ ರೊಟ್ಟಿ, ಗಟ್ಟಿ ಅಂಬಲಿ, ಮೊಸರು ಕಲಸಿದ ಮೆತ್ತನೆಯ ಜೋಳದ ನುಚ್ಚು. ನೆಟ್ಟಗೆ ಕುಳಿತು, ಸಣ್ಣ ತುತ್ತು, ಗದ್ದ ತುಸು ಬಗ್ಗಿಸಿ. ಉಂಡ ತಕ್ಷಣ ಅಡ್ಡಾಗಬಾರದು.

ಹಸಿ ತಪ್ಪಲಿನ ವಿಷಯವೂ ಇದೆ. ರೊಟ್ಟಿಯೊಡನೆ ಹಸಿ ಮೆಂತೆ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ಕಡಿದು ತಿನ್ನುವುದು ನಮ್ಮ ಊಟದ ಸೊಗಸು. ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಜೋರಾಗಿ ನಡೆದಿರುವ ತಿಂಗಳುಗಳಲ್ಲಿ ಅವನ್ನು ಬೇಯಿಸಿಯೇ ತಿನ್ನುವುದು ಕ್ಷೇಮ. ರಸ್ತೆಬದಿಯ ಕಬ್ಬಿನ ಹಾಲು, ಕಾಯಿಸದ ಹಾಲು ಬೇಡ.

ಇನ್ನು ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಮ್ಮೆ ಮಾತ್ರ ನುಂಗುವ ಮಾತ್ರೆ. ಪ್ರತಿದಿನ ನುಂಗಿ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸತ್ತವರ ವರದಿಗಳು ಹಲವು ದೇಶಗಳಿಂದ ಬಂದಿವೆ. ಚೀಟಿಯಲ್ಲಿ ಬರೆದ 'ವಾರಕ್ಕೊಮ್ಮೆ' ಅಕ್ಷರ ಬಾರದ ಮನೆಯಲ್ಲಿ ಉಳಿಯುವುದಿಲ್ಲ, ಸಂತೆ ಉಳಿಯುತ್ತದೆ. ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಬಸವನಬಾಗೇವಾಡಿ ಸೀಮೆಯ ಯಾವ ಮನೆಯಲ್ಲೂ ತಮ್ಮೂರ ಸಂತೆ ಯಾವ ದಿನ ಎಂಬುದನ್ನು ಯಾರೂ ಮರೆಯುವುದಿಲ್ಲ. "ಸಂತಿ ದಿನ ರಾತ್ರಿ ಇದು. ಸಂತಿ ಮರುದಿನ ಈ ಹಳದಿ ಗುಳಗಿ. ಮತ್ತ ಮುಂದಿನ ಸಂತಿತನಕ ಇದನ್ನ ಮುಟ್ಟಬ್ಯಾಡ್ರಿ." ಹಳದಿಯದು ಫೋಲಿಕ್ ಆಸಿಡ್, ಮೆಥೊಟ್ರೆಕ್ಸೇಟಿನ ತೊಂದರೆಗಳನ್ನು ತಗ್ಗಿಸಲು ಬರೆಯುವಂಥದ್ದು. ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೆಥೊಟ್ರೆಕ್ಸೇಟಿನ ಪೊಟ್ಟಣದಲ್ಲಿ ನಾಲ್ಕೇ ವಾರದ್ದು ಇಟ್ಟು ಕೊಡುವುದು ಜಾಣತನ. ಸೆರೆ ಕುಡಿಯುವವರು ಬಿಡಬೇಕು, ಗರ್ಭಿಣಿಯರಿಗೆ ಈ ಮಾತ್ರೆ ಕೂಡದು. ಇವೆರಡನ್ನು ಹೇಳಲು ಸಂಕೋಚಪಡಬಾರದು, ಆದರೆ ನಾಲ್ಕು ಜನರ ಮುಂದೆ ಹೇಳಬಾರದು.

ಪ್ರೆಡ್ನಿಸೊಲೋನ್ ಇಳಿಸುವ ಚೀಟಿ ಇದಕ್ಕಿಂತ ತೊಡಕಿನದು. 40 ಎರಡು ವಾರ, ಆಮೇಲೆ 35, ಆಮೇಲೆ 30. ಅಂಗಡಿಯಲ್ಲಿರುವುದು 5, 10, 20, 40ರ ಗುಳಿಗೆಗಳು. ಕ್ಯಾಲೆಂಡರಿನ ಚೌಕದಲ್ಲಿ ಗುಳಿಗೆಯ ಸಂಖ್ಯೆಯಷ್ಟು ಸೊನ್ನೆ ಸುತ್ತಿ ಕೊಟ್ಟರೆ ಓದು ಬಾರದವರಿಗೂ ದಾರಿ ಸಿಗುತ್ತದೆ. ಮುಖ ದುಂಡಗಾಯಿತೆಂದು ಬೇಸತ್ತು ಗುಳಿಗೆಯನ್ನು ಒಮ್ಮೆಲೇ ಬಿಡುವವರಿದ್ದಾರೆ, ಹರೆಯದ ಹೆಣ್ಣುಮಕ್ಕಳು ಅದರಲ್ಲೂ ಹೆಚ್ಚು. ಇಷ್ಟು ದಿನ ಹೊರಗಿನಿಂದ ಬಂದ ಸ್ಟೀರಾಯ್ಡಿನಿಂದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೆ ಬರಬಹುದು. ಮುಖದ ದುಂಡು ಡೋಸು ಇಳಿದಂತೆ ಇಳಿಯುತ್ತದೆ ಎಂಬ ಭರವಸೆಯನ್ನು ಮೊದಲೇ ಕೊಟ್ಟಿರಬೇಕು.

ಕೊಡದೆ ಇರುವುದೂ ಈ ಕಸುಬಿನ ಅರ್ಧ ಭಾಗ. ಮೈಕೈ ನೋವಿಗೆಂದು ಡೈಕ್ಲೊಫಿನಾಕ್, ಐಬುಪ್ರೊಫೆನ್ ಕೇಳಿದರೆ ಕೊಡಬಾರದು: ಸ್ಟೀರಾಯ್ಡಿನೊಡನೆ ಅವು ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೆಥೊಟ್ರೆಕ್ಸೇಟಿನ ವಿಷವನ್ನೂ ಏರಿಸಬಲ್ಲವು. ಕೆಮ್ಮಿಗೆ ಜೇಷ್ಠಮಧು ಸಾಧುವಾದದ್ದೇ, ಆದರೆ ದಿನಾ ಅಗಿದರೆ ಅದೂ ಪೊಟ್ಯಾಸಿಯಂ ಇಳಿಸಿ ನೀರು ಹಿಡಿಸುತ್ತದೆ. 'ಇಮ್ಯುನಿಟಿ' ಹೆಚ್ಚಿಸುವ ಪುಡಿಗಳು ಈ ರೋಗಿಗೆ ಬೇಡ. ತಗ್ಗಿಸಲೆಂದು ನಾವು ಹೆಣಗುತ್ತಿರುವುದನ್ನೇ ಅವು ಎಬ್ಬಿಸಬಹುದು. ಸ್ಪಿರುಲಿನಾ ತಿಂದ ಮೇಲೆ ಡರ್ಮಟೊಮೈಯೊಸೈಟಿಸ್ ಕಾಣಿಸಿಕೊಂಡ, ಕೆರಳಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಕೊಲೆಸ್ಟರಾಲಿಗೆ ಸ್ಟಾಟಿನ್ ತಿನ್ನುತ್ತಿರುವವರು ತೊಡೆ ಸೋಲುತ್ತಿದೆ ಎಂದರೆ ಕಿವಿ ನೆಟ್ಟಗಾಗಬೇಕು. ಅಪರೂಪಕ್ಕೆ ಆ ಮಾತ್ರೆಯೇ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುವ ಸ್ನಾಯುರೋಗವನ್ನು ಹಚ್ಚುತ್ತದೆ, ಮಾತ್ರೆ ಬಿಟ್ಟರೂ ರೋಗ ಬಿಡುವುದಿಲ್ಲ.

ಇದರಲ್ಲಿ ಯಾವುದೂ ವೈದ್ಯರ ಕೆಲಸವನ್ನು ಕಸಿದುಕೊಳ್ಳುವುದಲ್ಲ. ಡೋಸು ಏರಿಸುವುದು, ಇಳಿಸುವುದು ಫಾರ್ಮಸಿಸ್ಟನ ಕೆಲಸವಲ್ಲ. ಉಸಿರು ಕಟ್ಟಿದರೆ, ಜ್ವರ ಬಂದರೆ, ಮಲ ಕಪ್ಪಾದರೆ, ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಎದ್ದರೆ ಅವರು ಮಾಡಬೇಕಾದದ್ದು ಕಳಿಸುವುದಷ್ಟೇ. ಆದರೆ ಮಾತಾಡುವುದು ಅವರ ಕೆಲಸ. 1990ರಲ್ಲಿ ಹೆಪ್ಲರ್ ಮತ್ತು ಸ್ಟ್ರ್ಯಾಂಡ್ ಎಂಬಿಬ್ಬರು ಔಷಧಿ ಕೊಟ್ಟಲ್ಲಿಗೆ ಫಾರ್ಮಸಿಸ್ಟನ ಹೊಣೆ ಮುಗಿಯುವುದಿಲ್ಲ, ಅದರ ಫಲಕ್ಕೂ ಆತ ಬಾಧ್ಯ ಎಂದು ವಾದಿಸಿದರು. ಆ ವಿಚಾರ ಇಲ್ಲಿಗೂ ಬಂತು. 2008ರಲ್ಲಿ ದೇಶದಲ್ಲಿ ಫಾರ್ಮ್‌ಡಿ ಪದವಿ ಶುರುವಾಯಿತು, 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ನೋಂದಾಯಿತ ಫಾರ್ಮಸಿಸ್ಟನ ಕರ್ತವ್ಯವೆಂದು ಬರೆದವು, 2020ರ ಡಿ.ಫಾರ್ಮ ಪಠ್ಯದಲ್ಲಿ ಸಮುದಾಯ ಫಾರ್ಮಸಿ ಒಂದು ವಿಷಯವಾಗಿಯೇ ಇದೆ. ನಮ್ಮ ಜಿಲ್ಲಾ ಕೇಂದ್ರದಲ್ಲೇ ಫಾರ್ಮಸಿ ಕಾಲೇಜಿದೆ, ಕಲಿತ ಹುಡುಗ ಹುಡುಗಿಯರು ಊರೂರಿಗೆ ಬಂದಿದ್ದಾರೆ. ಆದರೂ ಎಷ್ಟೋ ಅಂಗಡಿಗಳಲ್ಲಿ ಕಾಣುವುದು ಗೋಡೆಯ ಮೇಲಿನ ಪ್ರಮಾಣಪತ್ರ ಮಾತ್ರ, ಅದರ ಒಡೆಯರಲ್ಲ. ಇದ್ದಲ್ಲೂ ಗಿರಾಕಿಯ ಗಡಿಬಿಡಿಗೆ ಅವರ ಬಾಯಿ ಕಟ್ಟಿರುತ್ತದೆ.

ಆ ಗಡಿಬಿಡಿಯಲ್ಲಿ ನಮ್ಮ ಪಾಲೂ ಇದೆ. ಮನೆಯಲ್ಲಿ ಈ ಕಾಯಿಲೆಯವರಿದ್ದರೆ, ಸ್ಟೀರಾಯ್ಡ್ ತಿಂಗಳುಗಟ್ಟಲೆ ತಿನ್ನುವ ಯಾರೇ ಇದ್ದರೂ, ಮುಂದಿನ ಸಲ ಔಷಧಿ ತರಲು ಹೋಗುವಾಗ ಅಂಗಡಿಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ ಹೋಗಿ. ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಕಷಾಯಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ನೋಂದಾಯಿತ ಫಾರ್ಮಸಿಸ್ಟ್ ಯಾರೆಂದು ಕೇಳಿ ಅವರೊಡನೆಯೇ ಮಾತಾಡಿ, ಮನೆಯಲ್ಲಿ ದಿನಾ ಏನು ಉಣ್ಣುತ್ತೀರೆಂದು ಮುಚ್ಚಿಡದೆ ಹೇಳಿ. ಅವರು ಹತ್ತು ನಿಮಿಷ ಕೊಟ್ಟರೆ ನೀವೂ ಹತ್ತು ನಿಮಿಷ ನಿಂತು ಕೇಳಿ.